ಕಡಲ ಗಾಳದ ಹಂಗಾಮು: ಯಾವ ಮೀನು, ಯಾವಾಗ, ಏಕೆ

ಎಲ್ಲರಿಗೂ ನಮಸ್ಕಾರ.

ಕಡಲಿನಲ್ಲಿ ಗಾಳ ಹಾಕಲು ಹೊರಡುವವರು ಮೊದಲು ಕೇಳುವ ಪ್ರಶ್ನೆ ಒಂದೇ: ಈ ಮೀನು ಯಾವ ತಿಂಗಳಲ್ಲಿ ಸಿಗುತ್ತದೆ? ಇದಕ್ಕೆ ಸಿದ್ಧ ಕೋಷ್ಟಕಗಳು ಎಲ್ಲ ಕಡೆ ಸಿಗುತ್ತವೆ. ಮೀನಿನ ಹೆಸರು ಎಡಕ್ಕೆ, ಹನ್ನೆರಡು ತಿಂಗಳು ಮೇಲಕ್ಕೆ, ನಡುವೆ ಗುರುತುಗಳು. ಈ ಕೋಷ್ಟಕಗಳು ತಪ್ಪೇನಲ್ಲ. ಆದರೆ ಅವನ್ನೇ ನಂಬಿ ಹೋದವರು ಒಂದು ವರ್ಷ ಬುಟ್ಟಿ ತುಂಬಿಸಿಕೊಂಡು, ಮರುವರ್ಷ ಅದೇ ವಾರ ಅದೇ ಜಾಗದಿಂದ ಬರಿಗೈಯಲ್ಲಿ ಬರುತ್ತಾರೆ. ಮೀನನ್ನು ಒಂದು ಜಾಗಕ್ಕೆ ಎಳೆದು ತರುವುದು ನೀರಿನ ಉಷ್ಣಾಂಶ, ಹಗಲಿನ ಉದ್ದ, ಮೇವು ಮತ್ತು ಮೊಟ್ಟೆ ಇಡುವ ಒತ್ತಡ. ಇವು ಒಟ್ಟಾಗಿ ಕೂಡಿಬಂದಾಗ ಹಂಗಾಮು. ಕೂಡಿಬರುವ ದಿನ ಪ್ರತಿವರ್ಷ ಒಂದೆರಡು ವಾರ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ.

ಇನ್ನೊಂದು ಕ್ಯಾಲೆಂಡರ್ ಕಾನೂನಿನದು. ಮೀನು ಬರುವ ಕಾಲ, ಮೀನನ್ನು ಇಟ್ಟುಕೊಳ್ಳಲು ಅನುಮತಿ ಇರುವ ಕಾಲ, ಇವೆರಡೂ ಹೊಂದಿಕೊಳ್ಳಲೇಬೇಕೆಂದೇನೂ ಇಲ್ಲ. ಎಷ್ಟೋ ಜಾತಿಗಳಲ್ಲಿ ಮೀನು ಅತಿ ಸುಲಭವಾಗಿ ಸಿಗುವ ಹೊತ್ತಿಗೇ ಕಾನೂನು ಬಾಗಿಲು ಹಾಕುತ್ತದೆ. ಏಕೆಂದರೆ ಸುಲಭವಾಗಿ ಸಿಗುವುದು ಮೊಟ್ಟೆ ಇಡಲು ಒಂದೆಡೆ ಗುಂಪುಗೂಡಿದಾಗ. ಇದನ್ನು ಅರ್ಥ ಮಾಡಿಕೊಂಡವರಿಗೆ ನಿಯಮಗಳ ಪುಸ್ತಕವೇ ಮೀನಿನ ಬದುಕಿನ ಬಗ್ಗೆ ಒಳ್ಳೆಯ ಪಾಠವಾಗುತ್ತದೆ.

ಅಟ್ಲಾಂಟಿಕ್ ಕರಾವಳಿಯ ದೊಡ್ಡ ಬೆಳ್ಳಿಬಣ್ಣದ ಮೀನಾದ ಟಾರ್ಪನ್‌ನಿಂದ ಶುರು ಮಾಡೋಣ. ಗಾಳದ ಆಟಕ್ಕೆ ಇದಕ್ಕಿಂತ ದೊಡ್ಡ ಮೀನುಗಳಿವೆ. ಆದರೆ ಹಂಗಾಮು ಎಂದರೇನು ಎಂದು ಇದರಷ್ಟು ಚೆನ್ನಾಗಿ ತಿಳಿಸುವ ಮೀನು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಫ್ಲಾರಿಡಾದ ಪಶ್ಚಿಮ ಕರಾವಳಿಯ ಬೋಕಾ ಗ್ರಾಂಡ್ ಅಳಿವೆಯಲ್ಲಿ ಏಪ್ರಿಲ್‌ನಿಂದ ಜುಲೈವರೆಗೆ ಟಾರ್ಪನ್ ಹಿಂಡುಹಿಂಡಾಗಿ ಸೇರುತ್ತದೆ. ಭರಾಟೆ ಮೇ ಮತ್ತು ಜೂನ್‌ನಲ್ಲಿ. ನೀರು ಸುಮಾರು 24 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಂತ ಮೇಲೆ ಹಿಂಡುಗಳು ನೆಲೆಯಾಗುತ್ತವೆ. ನಡುವೆ ತಣ್ಣನೆಯ ಗಾಳಿ ಬೀಸಿ ನೀರು ಎರಡು ಮೂರು ಡಿಗ್ರಿ ಇಳಿದರೆ ಮೀನು ಒಂದೆರಡು ದಿನ ಆಳಕ್ಕೆ ಇಳಿದು ಬಾಯಿ ಬಿಡುವುದಿಲ್ಲ. ಈ ಮೀನುಗಳು ಅಳಿವೆಯಲ್ಲಿ ಸೇರುವುದು ಮೇವಿಗಾಗಿ, ಮೊಟ್ಟೆ ಇಡುವುದು ಮಾತ್ರ ದೂರದ ಆಳ ಕಡಲಿನಲ್ಲಿ. ಹೊಟ್ಟೆ ತುಂಬಿಸಿಕೊಂಡು ಹೊರಗೆ ಹೋಗಿ, ಮತ್ತೆ ಒಳಗೆ ಬರುತ್ತವೆ.

ಅಳಿವೆಯೊಳಗೂ ಗಂಟೆಗಳ ಲೆಕ್ಕ ಬೇರೆ ಇದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಮಧ್ಯಾಹ್ನದ ನಂತರ ಬರುವ ಬಲವಾದ ಇಳಿತವನ್ನು ಅಲ್ಲಿಯವರು ‘ಹಿಲ್ ಟೈಡ್’ ಎನ್ನುತ್ತಾರೆ. ಆ ಸೆಳೆತಕ್ಕೆ ಒಳಕೊಲ್ಲಿಯ ಹುಲ್ಲು ನೆಲದ ಏಡಿಗಳು ಕಿತ್ತುಬಂದು ಮೇಲ್ಮೈಯಲ್ಲಿ ತೇಲುತ್ತಾ ಕಡಲಿನತ್ತ ಹೊರಡುತ್ತವೆ. ಟಾರ್ಪನ್ ಕೆಳಗಿನಿಂದ ಏರಿಬಂದು ಅವನ್ನು ಹೀರಿಕೊಳ್ಳುತ್ತದೆ. ಆಗ ಎರೆಯಾಗಿ ಏಡಿಯನ್ನೇ ಕಟ್ಟಬೇಕು. ಚಿಪ್ಪಿನ ಒಂದು ಮೂಲೆಯ ಚೂಪು ಭಾಗದಲ್ಲಿ, ಕೆಳಗಿನಿಂದ ಮೇಲಕ್ಕೆ ಗಾಳದ ಮೊನೆ ಪೂರ್ತಿ ಹೊರಬರುವಂತೆ ಚುಚ್ಚಿ. ನಡುಚಿಪ್ಪಿಗೆ ಚುಚ್ಚಿದರೆ ಏಡಿ ಬೇಗ ಸಾಯುತ್ತದೆ, ಸೆಳೆತದಲ್ಲಿ ಬುಗುರಿಯಂತೆ ಸುತ್ತುತ್ತದೆ, ಮೀನು ಹತ್ತಿರ ಬಂದು ತಿರುಗಿ ಹೋಗುತ್ತದೆ. ಗಾಳ 7/0 ಅಥವಾ 8/0 ಅಳತೆಯ ಸರ್ಕಲ್ ಹುಕ್, ಮುಂದಿನ ದಾರ 60ರಿಂದ 80 ಪೌಂಡ್ ಬಲದ ಫ್ಲೂರೋಕಾರ್ಬನ್ (ನೀರಿನಲ್ಲಿ ಅಷ್ಟಾಗಿ ಕಾಣದ ಪ್ಲಾಸ್ಟಿಕ್ ದಾರ), ಉದ್ದ ಒಂದೂವರೆ ಎರಡು ಮೀಟರ್. ಟಾರ್ಪನ್‌ಗೆ ಕಡಿಯುವ ಹಲ್ಲಿಲ್ಲ, ಆದರೆ ದವಡೆ ಅರದಂತೆ ಒರಟು. ತೆಳು ದಾರ ಅರ್ಧ ಗಂಟೆಯ ಎಳೆದಾಟದಲ್ಲಿ ಸವೆದು ಹೋಗುತ್ತದೆ.

ಸರ್ಕಲ್ ಹುಕ್ ಬಳಸುವಾಗ ಹೊಸಬರು ಮಾಡುವ ತಪ್ಪು, ಮೀನು ಕಚ್ಚಿದೊಡನೆ ರಾಡ್ ಎತ್ತಿ ಜಗ್ಗುವುದು. ಈ ಗಾಳದ ಮೊನೆ ಒಳಮುಖವಾಗಿ ಬಾಗಿರುತ್ತದೆ. ಮೀನು ಎರೆಯನ್ನು ಬಾಯಲ್ಲಿ ಹಿಡಿದು ತಿರುಗಿ ಹೊರಟಾಗ ಗಾಳ ಜಾರುತ್ತಾ ಬಂದು ಬಾಯಿಯ ಮೂಲೆಯಲ್ಲಿ ತಿರುಗಿ ನೆಡುತ್ತದೆ. ಜಗ್ಗಿದರೆ ತಿರುಗಲು ಅವಕಾಶವೇ ಇಲ್ಲದೆ ಬಾಯಿಂದ ಹೊರಗೆ ಬಂದುಬಿಡುತ್ತದೆ. ರಾಡನ್ನು ತಗ್ಗಿಸಿ ಮೀನಿನ ಕಡೆಗೇ ತೋರಿಸಿ, ದಾರ ಬಿಗಿಯಾಗುವವರೆಗೆ ಸಮನಾಗಿ ರೀಲ್ ಸುತ್ತಿ, ರಾಡ್ ತಾನಾಗಿ ಬಾಗಿದ ಮೇಲಷ್ಟೇ ಎತ್ತಿ. ಬಾಯಿಯ ಮೂಲೆಯಲ್ಲಿ ನೆಟ್ಟ ಗಾಳ ಕರುಳಿಗೆ ಇಳಿಯುವುದಿಲ್ಲ. ಬಿಟ್ಟುಕೊಟ್ಟ ಮೀನು ಬದುಕುವುದಕ್ಕೆ ಇದೇ ಮುಖ್ಯ ಕಾರಣ. ಅಟ್ಲಾಂಟಿಕ್‌ನ ಮಾರ್ಲಿನ್ ಮತ್ತು ಸೈಲ್‌ಫಿಶ್ (ಈಟಿಯಂಥ ಉದ್ದ ಮೂತಿಯ ಆಳಕಡಲ ಮೀನುಗಳು) ಸ್ಪರ್ಧೆಗಳಲ್ಲಿ ನಿಜ ಎರೆ ಕಟ್ಟುವುದಾದರೆ ಸರ್ಕಲ್ ಹುಕ್ಕೇ ಇರಬೇಕೆಂದು ಅಮೆರಿಕ 2008ರಿಂದ ನಿಯಮ ಮಾಡಿರುವುದೂ ಇದಕ್ಕಾಗಿ.

ಟಾರ್ಪನ್ ನೆಗೆದಾಗ ರಾಡಿನ ತುದಿಯನ್ನು ಮೀನಿನ ಕಡೆಗೆ ಚಾಚಿ ದಾರ ಸಡಿಲಿಸಬೇಕು. ನೀರಿನೊಳಗೆ ಮೀನಿನ ತೂಕವನ್ನು ನೀರು ಹೊತ್ತಿರುತ್ತದೆ. ಗಾಳಿಗೆ ಬಂದ ಕ್ಷಣ ಐವತ್ತು ಕಿಲೋ ತಲೆ ಕೊಡವುತ್ತಾ ಬಿಗಿದಾರದ ಮೇಲೆ ಬಿದ್ದರೆ ದಾರ ತುಂಡಾಗುತ್ತದೆ, ಇಲ್ಲವೇ ಗಾಳ ನೇರವಾಗುತ್ತದೆ. ಮತ್ತೆ ನೀರಿಗೆ ಬಿದ್ದೊಡನೆ ಬಿಗಿ ಮಾಡಿ. ಈ ಮೀನಿನ ಗಾಳಿಚೀಲ ಶ್ವಾಸಕೋಶದಂತೆ ಕೆಲಸ ಮಾಡುತ್ತದೆ. ಮೇಲೆ ಬಂದು ಒಮ್ಮೆ ಗುಟುಕು ಗಾಳಿ ಕುಡಿದರೆ ದಣಿವು ಕಳೆದು ಹೊಸ ಎಳೆದಾಟ ಶುರು. ಹಾಗಾಗಿ ರಾಡನ್ನು ಅಡ್ಡಕ್ಕೆ ತಗ್ಗಿಸಿ, ಮೀನು ಹೋಗುವ ದಿಕ್ಕಿಗೆ ಎದುರಾಗಿ ಎಳೆದು, ತಲೆ ಮೇಲೇಳದಂತೆ ನೋಡಿಕೊಳ್ಳಿ. ಎಳೆದಾಟ ಬೇಗ ಮುಗಿಯುವುದು ಮೀನಿಗೂ ಒಳ್ಳೆಯದು. ಆ ಅಳಿವೆಯಲ್ಲಿ ದೊಡ್ಡ ಹ್ಯಾಮರ್‌ಹೆಡ್ ಮತ್ತು ಬುಲ್ ಶಾರ್ಕ್‌ಗಳು ದಣಿದ ಟಾರ್ಪನ್‌ಗಾಗಿಯೇ ಕಾಯುತ್ತವೆ. ಶಾರ್ಕ್ ಬೆನ್ನು ಹತ್ತಿದ್ದು ಕಂಡರೆ ದಾರ ಕತ್ತರಿಸಿಬಿಡಿ, ಯೋಚಿಸುತ್ತಾ ನಿಲ್ಲಬೇಡಿ. ಫ್ಲಾರಿಡಾದಲ್ಲಿ 40 ಇಂಚು ಮೀರಿದ ಟಾರ್ಪನ್‌ಅನ್ನು ನೀರಿನಿಂದ ಮೇಲೆತ್ತಲೂ ಬಾರದು. ಅಷ್ಟು ಭಾರದ ದೇಹ ದೋಣಿಯ ಅಂಚಿನಲ್ಲಿ ಜೋತರೆ ಒಳಗಿನ ಅಂಗಗಳಿಗೇ ಪೆಟ್ಟಾಗುತ್ತದೆ. ಐವತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲ ಮೀನು ಇದು ಎಂಬುದು ನೆನಪಿರಲಿ.

ಅದೇ ಕರಾವಳಿಯ ಸ್ನೂಕ್ ಮೀನಿನ ಕಥೆ ಪೂರ್ತಿ ಬೇರೆ. ಇದು ಚಳಿ ತಡೆಯದ ಮೀನು. ನೀರು ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ಸಾಯತೊಡಗುತ್ತದೆ. 2010ರ ಜನವರಿಯ ಚಳಿಗೆ ಫ್ಲಾರಿಡಾದಲ್ಲಿ ಸ್ನೂಕ್ ರಾಶಿರಾಶಿಯಾಗಿ ಸತ್ತವು. ಚಳಿಗಾಲದಲ್ಲಿ ಇವು ನದಿಗಳ ಒಳಭಾಗಕ್ಕೋ, ವಿದ್ಯುತ್ ಸ್ಥಾವರಗಳ ಬಿಸಿನೀರು ಬೀಳುವ ಕಾಲುವೆಗಳಿಗೋ ಹೋಗಿ ಮಂಕಾಗಿ ಒತ್ತೊತ್ತಾಗಿ ನಿಲ್ಲುತ್ತವೆ. ಬೇಸಿಗೆಯಲ್ಲಿ ಅಳಿವೆಗಳಲ್ಲಿ ಮೊಟ್ಟೆ ಇಡಲು ಸೇರುತ್ತವೆ. ಇಟ್ಟುಕೊಳ್ಳುವ ಹಂಗಾಮು ವರ್ಷಕ್ಕೆ ಎರಡು ಸಲ, ಚಳಿಯಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ, ಮುಚ್ಚುವುದು ಇದೇ ಕಾರಣಕ್ಕೆ. ಉಳಿದದ್ದು ವಸಂತ ಮತ್ತು ಶರತ್ಕಾಲ. ಅಳತೆಗೂ ಕೆಳಗೊಂದು ಮೇಲೊಂದು ಮಿತಿ. ಏಕೆಂದರೆ ಸ್ನೂಕ್ ಗಂಡಾಗಿ ಬೆಳೆದು ಮುಂದೆ ಹೆಣ್ಣಾಗುವ ಮೀನು. ದೊಡ್ಡದನ್ನೆಲ್ಲ ತೆಗೆದರೆ ಮೊಟ್ಟೆ ಇಡುವವೇ ಉಳಿಯುವುದಿಲ್ಲ. ಹಿಡಿಯುವಾಗ ಕಿವಿರಿನ ಮುಚ್ಚಳದ ಹತ್ತಿರ ಬೆರಳಿಡಬೇಡಿ, ಅದರ ಅಂಚು ಬ್ಲೇಡಿನಷ್ಟು ಹರಿತ. ದಾರ ಇದ್ದಕ್ಕಿದ್ದಂತೆ ಕಡಿದುಹೋಗುವುದೂ ಅದರಿಂದಲೇ.

ಸ್ಟ್ರೈಪ್ಡ್ ಬಾಸ್ ಹಂಗಾಮಿನ ಜೊತೆ ತಾನೇ ಪ್ರಯಾಣ ಮಾಡುವ ಮೀನು. ಅಮೆರಿಕದ ಪೂರ್ವ ಕರಾವಳಿಯ ಚೆಸಪೀಕ್ ಕೊಲ್ಲಿಗೆ ಸೇರುವ ನದಿಗಳು ಮತ್ತು ಹಡ್ಸನ್, ಡೆಲವೇರ್ ನದಿಗಳ ಸಿಹಿನೀರಿನಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಮೊಟ್ಟೆ ಇಟ್ಟು, ದೊಡ್ಡ ಮೀನುಗಳು ಉತ್ತರಕ್ಕೆ ಮೈನ್‌ವರೆಗೂ ಹೋಗುತ್ತವೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೆನ್‌ಹೇಡನ್ ಎಂಬ ಮೇವುಮೀನಿನ ಮರಿಗಳ ಹಿಂಡನ್ನು ಹಿಂಬಾಲಿಸಿ ದಕ್ಷಿಣಕ್ಕೆ ಇಳಿಯುತ್ತವೆ. ದಡದಿಂದ ಗಾಳ ಹಾಕುವವರಿಗೆ ಈ ಇಳಿಪಯಣವೇ ವರ್ಷದ ಹಬ್ಬ. ಇಲ್ಲಿ ತಿಂಗಳಿಗಿಂತ ಹಕ್ಕಿಗಳನ್ನು ನೋಡಿ. ಕಡಲಹಕ್ಕಿಗಳು ಒಂದೇ ಕಡೆ ಮುಗಿಬಿದ್ದಿವೆ ಎಂದರೆ ಕೆಳಗೆ ಮೇವುಮೀನು, ಅದರ ಕೆಳಗೆ ಬಾಸ್. ದೋಣಿಯನ್ನು ಹಿಂಡಿನ ನಡುವೆ ನುಗ್ಗಿಸಿದರೆ ಎಲ್ಲವೂ ಆಳಕ್ಕಿಳಿಯುತ್ತವೆ. ಗಾಳಿ ಬರುವ ಕಡೆ ಎಂಜಿನ್ ನಿಲ್ಲಿಸಿ ತೇಲಿಕೊಂಡು ಬಂದು ಅಂಚಿಗೆ ಎಸೆಯಿರಿ. ಬಹುತೇಕ ದೊಡ್ಡ ಮೀನುಗಳು ಹಿಂಡಿನ ಕೆಳಗೆ ಬೀಳುವ ತುಣುಕುಗಳಿಗೆ ಕಾಯುತ್ತಿರುತ್ತವೆ. ಎಸೆದ ಎರೆ ಒಂದಿಷ್ಟು ಮುಳುಗಲು ಬಿಡುವುದು ಲಾಭ.

ಈ ಮೀನು ಒಮ್ಮೆ ತೀರಾ ಕುಸಿದು ಮೇರಿಲ್ಯಾಂಡ್ ರಾಜ್ಯ 1985ರಿಂದ 1990ರವರೆಗೆ ಹಿಡಿಯುವುದನ್ನೇ ನಿಲ್ಲಿಸಿತ್ತು. ಚೇತರಿಸಿಕೊಂಡಿತು, ಮತ್ತೆ ಇಳಿಯಿತು. 2023ರಲ್ಲಿ ತೆರೆದ ಕಡಲಿಗೆ 28ರಿಂದ 31 ಇಂಚಿನ ಕಿರಿದಾದ ಮಿತಿ ಬಂದದ್ದು 2015ರಲ್ಲಿ ಹುಟ್ಟಿದ ಒಳ್ಳೆಯ ಪೀಳಿಗೆ ಉಳಿದು ಮೊಟ್ಟೆ ಇಡಲಿ ಎಂದು. ನಡುಬೇಸಿಗೆಯಲ್ಲಿ ನೀರು 21 ಡಿಗ್ರಿ ದಾಟಿದ ಮೇಲೆ, ಅದರಲ್ಲೂ ಉಪ್ಪು ಕಡಿಮೆ ಇರುವ ಕೊಲ್ಲಿಗಳಲ್ಲಿ, ಬಿಟ್ಟುಕೊಟ್ಟ ಬಾಸ್ ಸಾಯುವುದು ಹೆಚ್ಚು. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಮೀನಿನ ಬೇಡಿಕೆ ಹೆಚ್ಚು. ಅಂಥ ದಿನಗಳಲ್ಲಿ ನಸುಕಿಗೆ ಗಾಳ ಹಾಕಿ ಬಿಸಿಲೇರುವ ಮೊದಲೇ ನಿಲ್ಲಿಸಬೇಕೆಂಬುದು ನಮ್ಮ ಖಚಿತ ನಿಲುವು.

ರೆಡ್ ಡ್ರಮ್ ಮೀನಿನ ಬಗ್ಗೆ ಎರಡೇ ಮಾತು. ಆಗಸ್ಟ್‌ನಿಂದ ನವೆಂಬರ್‌ವರೆಗೆ ದೊಡ್ಡ ಡ್ರಮ್‌ಗಳು ಅಳಿವೆಗಳ ಬಾಯಿಗೆ ಬರುತ್ತವೆ. ಸಂಜೆಗತ್ತಲಲ್ಲಿ ಗಂಡು ಮೀನುಗಳು ಗಾಳಿಚೀಲದ ಸ್ನಾಯು ಕಂಪಿಸಿ ಡಬ್ ಡಬ್ ಎಂದು ಸದ್ದು ಮಾಡುವುದು ಮೊಟ್ಟೆಯ ಹೊತ್ತಿನ ಗುರುತು. ದಾಖಲೆಯ ಮೀನು, 94 ಪೌಂಡ್ 2 ಔನ್ಸ್, 1984ರ ನವೆಂಬರ್‌ನಲ್ಲಿ ನಾರ್ತ್ ಕ್ಯಾರೊಲಿನಾದ ಏವನ್ ಕಡಲತೀರದಲ್ಲಿ ಸಿಕ್ಕಿತು. ದಡದಿಂದ ಹಾಕುವಾಗ ಸೀಸದ ಗುಂಡಿಗೂ ಗಾಳಕ್ಕೂ ನಡುವಿನ ದಾರ ಒಂದು ಗೇಣಿಗಿಂತ ಕಡಿಮೆ ಇರಲಿ. ಉದ್ದವಾದರೆ ಎಸೆಯುವಾಗ ಸುತ್ತಿಕೊಳ್ಳುವುದು ಒಂದು ತೊಂದರೆ, ಮೀನು ಎರೆಯನ್ನು ಹೊಟ್ಟೆಗಿಳಿಸಿಕೊಳ್ಳುವುದು ದೊಡ್ಡ ತೊಂದರೆ. ಚಿಕ್ಕದಾಗಿದ್ದರೆ ಬಾಯಿ ಹಾಕಿದೊಡನೆ ಗುಂಡಿನ ಭಾರ ತಗುಲಿ ಗಾಳ ತುಟಿಯಲ್ಲೇ ನಿಲ್ಲುತ್ತದೆ.

ಇನ್ನು ಆಳ ಕಡಲಿಗೆ ಹೋಗೋಣ. ಸೈಲ್‌ಫಿಶ್ ಎಂದರೆ ಬಿಸಿಲಿನ ಮೀನು ಎಂದು ಹಲವರ ನಂಬಿಕೆ. ದಕ್ಷಿಣ ಫ್ಲಾರಿಡಾದಲ್ಲಿ ಮಾತ್ರ ಇದರ ಹಂಗಾಮು ಡಿಸೆಂಬರ್‌ನಿಂದ ಏಪ್ರಿಲ್, ಅಂದರೆ ಚಳಿಗಾಲ. ಉತ್ತರದಲ್ಲಿ ನೀರು ತಣ್ಣಗಾದಂತೆ ಮೇವುಮೀನು ದಕ್ಷಿಣಕ್ಕೆ ಸರಿಯುತ್ತದೆ, ಸೈಲ್‌ಫಿಶ್ ಹಿಂದೆಯೇ ಬರುತ್ತದೆ. ಶೀತಗಾಳಿ ಬಂದು ಉತ್ತರದಿಂದ ಬೀಸಿದಾಗ ಉತ್ತರಕ್ಕೇ ಹರಿಯುವ ಗಲ್ಫ್ ಸ್ಟ್ರೀಮ್ ಪ್ರವಾಹಕ್ಕೆ ಅದು ಎದುರಾಗಿ ಕಡಿದಾದ ಅಲೆಗಳೇಳುತ್ತವೆ. ಆ ಅಲೆಗಳ ಇಳಿಜಾರಿನಲ್ಲಿ ಬಾಲ ಮೇಲೆ ಮಾಡಿಕೊಂಡು ದಕ್ಷಿಣಕ್ಕೆ ಜಾರುವ ಮೀನು ಬರಿಗಣ್ಣಿಗೆ ಕಾಣುತ್ತದೆ. ಮೀನು ಅತ್ಯುತ್ತಮವಾಗಿ ಕಚ್ಚುವ ದಿನವೇ ಸಣ್ಣ ದೋಣಿಗೆ ಅತಿ ಅಪಾಯದ ದಿನ. ಅಲ್ಲಿ ಗಾಳಿಪಟ ಕಟ್ಟಿ ಹಿಡಿಯುವುದು ರೂಢಿ. ಪಟದ ದಾರಕ್ಕೆ ಕ್ಲಿಪ್ ಹಾಕಿ, ಅದರಲ್ಲಿ ಗಾಳದ ದಾರ ತೂರಿಸಿ, ಜೀವಂತ ಎರೆಯನ್ನು ನೀರಿನ ಮೇಲ್ಮೈಯಲ್ಲೇ ಒದ್ದಾಡುವಂತೆ ಇಳಿಬಿಡುತ್ತಾರೆ. ದಾರ ನೀರಿನಲ್ಲಿ ಇಲ್ಲದ್ದರಿಂದ ಮೀನಿಗೆ ಅನುಮಾನವೇ ಬರುವುದಿಲ್ಲ. ಎರೆ ಗಾಳಿಗೆ ಮೇಲೆದ್ದು ನೇತಾಡತೊಡಗಿದರೆ ಕೆಲಸ ಕೆಟ್ಟಿತು. ಒಬ್ಬರು ಎತ್ತರ ನೋಡಿಕೊಳ್ಳಲೆಂದೇ ನಿಂತಿರಬೇಕು. ಶಾಂತ ಸಾಗರದ ಗ್ವಾಟೆಮಾಲದಲ್ಲಿ ನವೆಂಬರ್‌ನಿಂದ ಮೇವರೆಗೆ ಸೈಲ್‌ಫಿಶ್ ಭರಪೂರ.

ಬ್ಲೂಫಿನ್ ಟ್ಯೂನಾ ತನ್ನ ಸ್ನಾಯುಗಳ ಬಿಸಿಯನ್ನು ಉಳಿಸಿಕೊಳ್ಳಬಲ್ಲ ಮೀನು. ಆದ್ದರಿಂದಲೇ ಉಳಿದ ಟ್ಯೂನಾಗಳು ಹೋಗದ ತಣ್ಣೀರಿಗೆ ಮೇವು ಹುಡುಕಿ ಹೋಗುತ್ತದೆ. ಕೆನಡಾದ ನೋವಾ ಸ್ಕೋಷಿಯಾ ಮತ್ತು ಪ್ರಿನ್ಸ್ ಎಡ್ವರ್ಡ್ ದ್ವೀಪದ ಸುತ್ತ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹೆರಿಂಗ್ ತಿಂದು ಕೊಬ್ಬುತ್ತದೆ. 1979ರ ಅಕ್ಟೋಬರ್ 26ರಂದು ಕೆನ್ ಫ್ರೇಸರ್ ಹಿಡಿದ 1,496 ಪೌಂಡಿನ ದಾಖಲೆ ಮೀನು ಅಲ್ಲಿಯದೇ. ಬೇಸಿಗೆಯಿಡೀ ತಿಂದ ಮೇಲಿನ ತೂಕ ಅದು. ಹಂಗಾಮಿನ ಕೊನೆಗೆ ಸಂಖ್ಯೆ ಕಡಿಮೆಯಾದರೂ ಗಾತ್ರ ದೊಡ್ಡದು.

ಕಪ್ಪು ಮಾರ್ಲಿನ್ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹೊರ ಅಂಚಿನಲ್ಲಿ, ಕೇರ್ನ್ಸ್‌ನಿಂದ ಲಿಜರ್ಡ್ ದ್ವೀಪದವರೆಗೆ, ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮೊಟ್ಟೆಗಾಗಿ ಸೇರುತ್ತದೆ. ದೈತ್ಯ ಗಾತ್ರದವೆಲ್ಲ ಹೆಣ್ಣು. ವಿಶ್ವದಾಖಲೆ ಮಾತ್ರ ಪೆರುವಿನ ಕಾಬೊ ಬ್ಲಾಂಕೊದಲ್ಲಿ 1953ರ ಆಗಸ್ಟ್ 4ರಂದು ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡಿನದು. ತಣ್ಣನೆಯ ಹಂಬೋಲ್ಟ್ ಪ್ರವಾಹ ಬೆಚ್ಚನೆಯ ನೀರನ್ನು ಸಂಧಿಸುವ ಜಾಗ ಅದು, ಮೇವಿಗೆ ಕೊರತೆ ಇರಲಿಲ್ಲ.

ಉಷ್ಣವಲಯದ ಹವಳದ ದ್ವೀಪಗಳಿಗೆ ಬಂದರೆ ಲೆಕ್ಕ ಬದಲಾಗುತ್ತದೆ. ಸೀಶೆಲ್ಸ್‌ನ ಹೊರ ದ್ವೀಪಗಳಲ್ಲಿ ಜೈಂಟ್ ಟ್ರೆವಲಿ ಎಂಬ ದೊಡ್ಡ ಮೀನು ವರ್ಷವಿಡೀ ಇರುತ್ತದೆ. ಅಕ್ಟೋಬರ್‌ನಿಂದ ಏಪ್ರಿಲ್ ಎಂಬ ಹಂಗಾಮು ಮೀನಿನದಲ್ಲ, ಮನುಷ್ಯರದು. ಉಳಿದ ತಿಂಗಳು ಆಗ್ನೇಯ ಮಾರುತಕ್ಕೆ ದೋಣಿ ಇಳಿಸುವಂತಿಲ್ಲ. ಒಮಾನ್‌ನ ದಕ್ಷಿಣ ತೀರದಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಕಡಲನ್ನು ಮುಚ್ಚುತ್ತದೆ. ಉತ್ತರ ಆಸ್ಟ್ರೇಲಿಯಾದ ಬರ್ರಮುಂಡಿಗೆ ಮಳೆಯೇ ಗಡಿಯಾರ. ಮಾರ್ಚ್‌ನಿಂದ ಮೇವರೆಗೆ, ಬಯಲಿನಲ್ಲಿ ನಿಂತ ಮಳೆನೀರು ಹಳ್ಳಗಳ ಮೂಲಕ ನದಿಗೆ ಇಳಿಯುವಾಗ ಸಿಗಡಿ, ಮರಿಮೀನು ಅದರ ಜೊತೆ ಬರುತ್ತವೆ. ಹಳ್ಳದ ತಿಳಿನೀರು ನದಿಯ ಕೆಸರುನೀರನ್ನು ಸೇರುವ ಬಣ್ಣದ ಗೆರೆಗೆ ಎರೆ ಹಾಕಿ, ಮೀನು ಕೆಸರಿನ ಬದಿಯಲ್ಲಿ ಅಡಗಿರುತ್ತದೆ. ನೀರಂಚಿನಲ್ಲಿ ನಿಲ್ಲಬೇಡಿ, ಅಲ್ಲಿ ಮೊಸಳೆ ಇರುತ್ತದೆ. ಕ್ವೀನ್ಸ್‌ಲ್ಯಾಂಡ್ ಪೂರ್ವ ಕರಾವಳಿಯಲ್ಲಿ ನವೆಂಬರ್ 1ರಿಂದ ಫೆಬ್ರವರಿ 1ರವರೆಗೆ, ಮೊಟ್ಟೆಯ ಕಾಲಕ್ಕೆ, ಈ ಮೀನು ಹಿಡಿಯುವುದು ನಿಷಿದ್ಧ.

ಕಾನೂನಿನ ಕ್ಯಾಲೆಂಡರ್ ಎಷ್ಟು ಗೋಜಲಾಗಬಲ್ಲದು ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿಯ ರೆಡ್ ಸ್ನ್ಯಾಪರ್ ಉದಾಹರಣೆ. 2017ರಲ್ಲಿ ಖಾಸಗಿ ದೋಣಿಗಳಿಗೆ ಫೆಡರಲ್ ಕಡಲಿನಲ್ಲಿ (ರಾಜ್ಯಗಳ ತೀರದ ನೀರಿನಾಚೆ ಅಮೆರಿಕದ ಕೇಂದ್ರ ಸರ್ಕಾರದ ಅಧೀನದ ಕಡಲು) ಮೊದಲು ಕೊಟ್ಟದ್ದು ಬರೀ ಮೂರು ದಿನ. ಆಮೇಲೆ 39 ದಿನ ಸೇರಿಸಿದರು. ಮೀನು ಆಗ ಕಡಿಮೆ ಇರಲಿಲ್ಲ, ಚೇತರಿಸಿಕೊಳ್ಳುತ್ತಿತ್ತು. ಸಿಗುವ ಮೀನು ದೊಡ್ಡದಾದಂತೆ ಹಿಡಿಯಲು ತೂಕದ ಲೆಕ್ಕದಲ್ಲಿ ನಿಗದಿಯಾದ ಪಾಲು (ಕೋಟಾ) ಬೇಗ ಭರ್ತಿಯಾಗುತ್ತದೆ. ಜೊತೆಗೆ ರಾಜ್ಯಗಳು ತಮ್ಮ ತೀರದ ನೀರಿನಲ್ಲಿ ಹೆಚ್ಚು ದಿನ ತೆರೆದಿಟ್ಟರೆ ಅದೂ ಅದೇ ಪಾಲಿನಿಂದ ಕಳೆಯುತ್ತದೆ.

ಮುಚ್ಚಿದ ಹಂಗಾಮಿನಲ್ಲೂ ಬೇರೆ ಮೀನಿಗೆ ಹಾಕಿದ ಗಾಳಕ್ಕೆ ಸ್ನ್ಯಾಪರ್ ಬೀಳುತ್ತದೆ. ಅದನ್ನು ಬದುಕಿಸಿ ಬಿಡುವುದು ಹೇಗೆ ಎಂಬುದು ಗೊತ್ತಿರಬೇಕು. 30 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ನಾಲ್ಕು ಪಟ್ಟು. ಅಲ್ಲಿಂದ ಎಳೆದು ತಂದಾಗ ಗಾಳಿಚೀಲದ ಅನಿಲ ನಾಲ್ಕು ಪಟ್ಟು ಹಿಗ್ಗಲು ನೋಡುತ್ತದೆ. ಕಣ್ಣು ಉಬ್ಬುತ್ತದೆ, ಜಠರ ಬಾಯಿಂದ ಹೊರಗೆ ಚಾಚುತ್ತದೆ. ಹಾಗೇ ಬಿಟ್ಟರೆ ಮೀನು ಹೊಟ್ಟೆ ಮೇಲಾಗಿ ತೇಲುತ್ತದೆ, ಹಕ್ಕಿಗೋ ಡಾಲ್ಫಿನ್‌ಗೋ ಆಹಾರವಾಗುತ್ತದೆ. ಹೊರಬಂದ ಜಠರಕ್ಕೆ ಸೂಜಿ ಚುಚ್ಚುವವರಿದ್ದಾರೆ, ಅದು ಮೀನನ್ನು ಕೊಂದಂತೆ. ಸರಿಯಾದ ದಾರಿ ಆಳಕ್ಕಿಳಿಸುವ ಸಾಧನ: ತುಟಿಗೆ ಕಚ್ಚುವ ಕ್ಲಿಪ್, ಅದಕ್ಕೆ ಒಂದೂವರೆ ಕಿಲೋವರೆಗಿನ ಭಾರ. ಮೀನನ್ನು ಹಿಡಿದ ಆಳದ ಹತ್ತಿರಕ್ಕೆ ಇಳಿಸಿದಾಗ ಒತ್ತಡವೇ ಅನಿಲವನ್ನು ಕುಗ್ಗಿಸುತ್ತದೆ, ಕ್ಲಿಪ್ ಬಿಡಿಸಿದರೆ ಮೀನು ಈಜಿ ಹೋಗುತ್ತದೆ. ಮೊದಲೇ ಸಿದ್ಧವಾಗಿ ಕೈಗೆ ಸಿಗುವಲ್ಲಿ ಇರಬೇಕು. ಮೀನು ಮೇಲೆ ಬಂದ ಮೇಲೆ ಪೆಟ್ಟಿಗೆ ಹುಡುಕಿದರೆ ತಡವಾಯಿತು. ಮೆಕ್ಸಿಕೊ ಕೊಲ್ಲಿಯ ಫೆಡರಲ್ ನೀರಿನಲ್ಲಿ ಇಂಥ ಸಾಧನವೋ (ಜಠರಕ್ಕಲ್ಲ) ದೇಹದೊಳಗೆ ಹಿಗ್ಗಿದ ಗಾಳಿ ತೆಗೆಯುವ ಸೂಜಿಯೋ ದೋಣಿಯಲ್ಲಿ ಸಿದ್ಧವಿರಬೇಕೆಂಬ ಕಾನೂನು 2022ರಲ್ಲಿ ಜಾರಿಗೆ ಬಂದಿತು. ಕಾನೂನು ಇರಲಿ ಬಿಡಲಿ, ಆಳದ ಮೀನಿಗೆ ಹೋಗುವ ದೋಣಿಯಲ್ಲಿ ಇದು ಇರಲೇಬೇಕು.

ಎಲ್ಲ ಜಾತಿಗೂ ಅನ್ವಯಿಸುವ ಒಂದು ವಿಷಯ ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಹೊರಹೋಗುವುದನ್ನು ತಡೆಯುವ ಬಿಗಿತ. ದಾರದ ಬಲದ ಶೇ 25ರಿಂದ 30ಕ್ಕೆ ಹೊಂದಿಸಿ. 20 ಪೌಂಡಿನ ದಾರಕ್ಕೆ 5ರಿಂದ 6 ಪೌಂಡ್. ಕೈಯಂದಾಜು ಸಾಲದು, ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ ನೇರವಾಗಿ ಎಳೆದು, ರೀಲ್ ದಾರ ಬಿಡತೊಡಗಿದಾಗಿನ ತೂಕ ಓದಿ. ಮೀನು ದೂರ ಓಡಿದಂತೆ ಸ್ಪೂಲ್, ಅಂದರೆ ರೀಲಿನಲ್ಲಿ ಸುತ್ತಿದ ದಾರದ ಸುರುಳಿ, ತೆಳ್ಳಗಾಗುತ್ತದೆ. ವ್ಯಾಸ ಅರ್ಧಕ್ಕೆ ಇಳಿದರೆ ಅದೇ ಡ್ರ್ಯಾಗ್ ಎರಡು ಪಟ್ಟು ಬಿಗಿಯಾಗುತ್ತದೆ. ಮೇಲಿಂದ ನೀರಿನಲ್ಲಿ ಉದ್ದಕ್ಕೆ ಬಿದ್ದಿರುವ ದಾರದ ಎಳೆತ ಬೇರೆ. ಆ ಹೊತ್ತಿಗೆ ಗಾಬರಿಯಾಗಿ ಇನ್ನಷ್ಟು ಬಿಗಿ ಮಾಡುವುದೇ ದೊಡ್ಡ ಮೀನು ಕಳೆದುಕೊಳ್ಳುವ ಸಾಮಾನ್ಯ ದಾರಿ. ಆಗ ಸಡಿಲಿಸಬೇಕು, ದೋಣಿಯನ್ನು ಮೀನಿನ ಹಿಂದೆ ಓಡಿಸಿ ದಾರ ಸುತ್ತಿಕೊಳ್ಳಬೇಕು.

ಹಾಗಾದರೆ ಹೊಸ ಜಾಗದಲ್ಲಿ ಹಂಗಾಮು ಪತ್ತೆ ಮಾಡುವುದು ಹೇಗೆ? ಕೋಷ್ಟಕ ನೋಡಿ ತಿಂಗಳು ಗುರುತಿಸಿಕೊಳ್ಳಿ. ಹೊರಡುವ ಎರಡು ವಾರ ಮೊದಲಿನಿಂದ ಉಪಗ್ರಹದ ಸಮುದ್ರ ಉಷ್ಣಾಂಶದ ನಕ್ಷೆ ನೋಡುತ್ತಾ ಬನ್ನಿ. ಒಂದು ದಿನದ ಅಂಕಿಗಿಂತ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ. ನಕ್ಷೆ ತೋರಿಸುವುದು ಮೇಲ್ಮೈಯದನ್ನು ಮಾತ್ರ. ಅಳಿವೆಯಲ್ಲಿ ಉಬ್ಬರದ ನೀರಿಗೂ ಇಳಿತದ ನೀರಿಗೂ ವ್ಯತ್ಯಾಸ ಇರುವುದರಿಂದ ಅಲ್ಲಿ ನಿಮ್ಮದೇ ಥರ್ಮಾಮೀಟರ್ ಬೇಕು. ಮೇವುಮೀನು ಬಂದಿದೆಯೇ ಎಂದು ಬಲೆಗಾರರನ್ನು ಕೇಳಿ, ಅವರಿಗೆ ಗಾಳದವರಿಗಿಂತ ಮೊದಲು ಗೊತ್ತಿರುತ್ತದೆ. ನಿಯಮವನ್ನು ಹೊರಡುವ ಹಿಂದಿನ ದಿನ ಸರ್ಕಾರಿ ತಾಣದಲ್ಲೇ ಮತ್ತೆ ಓದಿ. ಪಾಲು ಭರ್ತಿಯಾದರೆ ನಡು ಹಂಗಾಮಿನಲ್ಲೇ ಮುಚ್ಚುತ್ತಾರೆ, ಇಲ್ಲಿ ಹೇಳಿದ ಅಳತೆ, ದಿನಾಂಕಗಳೂ ಬದಲಾಗಬಹುದು.

ಮತ್ತು ಬರೆದಿಡಿ. ದಿನಾಂಕ, ಗಂಟೆ, ನೀರಿನ ಉಷ್ಣಾಂಶ, ಉಬ್ಬರವೋ ಇಳಿತವೋ, ಶುರುವಾಗಿ ಎಷ್ಟು ಹೊತ್ತು, ಗಾಳಿಯ ದಿಕ್ಕು, ನೀರಿನ ಬಣ್ಣ, ಕಂಡ ಮೇವು, ಬಿದ್ದ ಮೀನು. ಏನೂ ಬೀಳದ ದಿನವನ್ನೂ ಅಷ್ಟೇ ಪೂರ್ತಿಯಾಗಿ ಬರೆಯಿರಿ. ಮೀನು ಬಿದ್ದ ದಿನಗಳ ಉಷ್ಣಾಂಶಕ್ಕೆ ಅರ್ಥ ಬರುವುದು ಬೀಳದ ದಿನಗಳ ಉಷ್ಣಾಂಶ ಪಕ್ಕದಲ್ಲಿದ್ದಾಗ ಮಾತ್ರ.